ಸಂದರ್ಶನದ ಕರೆ ಬಂದ ಮೇಲೆ: ಮೊದಲ ದಿನದಿಂದ ಆಫರ್ ಲೆಟರ್‌ವರೆಗೆ

ಬೆಂಗಳೂರಿನಲ್ಲಿ ಕೆಲಸ ಅಥವಾ ಇಂಟರ್ನ್‌ಶಿಪ್ ಹುಡುಕುವವರಿಗೆ ಸಂದರ್ಶನದ ಕರೆ ಸಾಮಾನ್ಯವಾಗಿ ನಾಲ್ಕೈದು ದಿನ, ಹೆಚ್ಚೆಂದರೆ ಒಂದು ವಾರ ಮುಂಚಿತವಾಗಿ ಬರುತ್ತದೆ. ಅಷ್ಟರೊಳಗೆ ಹೊಸದೊಂದು ವಿಷಯವನ್ನು ಪೂರ್ತಿ ಕಲಿಯುವುದು ಆಗುವ ಮಾತಲ್ಲ. ಆದರೆ ಈಗಾಗಲೇ ಕಲಿತದ್ದನ್ನು ಮತ್ತು ಮಾಡಿದ್ದನ್ನು ಎದುರಿಗೆ ಕುಳಿತ ಅಪರಿಚಿತರಿಗೆ ಅರ್ಥವಾಗುವಂತೆ ಬಾಯಿಬಿಟ್ಟು ಹೇಳುವುದನ್ನು ರೂಢಿಸಿಕೊಳ್ಳಲು ಒಂದು ವಾರ ಸಾಕು. ಕೆಲವು ವರ್ಷಗಳಿಂದ ಭಾನುವಾರಗಳಂದು ಡಿಪ್ಲೊಮಾ, ಬಿ.ಕಾಂ., ಬಿಸಿಎ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾನು ಅಣಕು ಸಂದರ್ಶನ ನಡೆಸುತ್ತಾ ಬಂದಿದ್ದೇನೆ. ಅಲ್ಲಿ ಎಡವಿದ ಬಹುತೇಕರಿಗೆ ವಿಷಯ ಗೊತ್ತಿತ್ತು, ಆದರೆ ಗೊತ್ತಿದ್ದುದನ್ನು ಅವರು ಅದಕ್ಕೆ ಮುಂಚೆ ಒಮ್ಮೆಯೂ ಗಟ್ಟಿಯಾಗಿ ಹೇಳಿ ನೋಡಿರಲಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ದೊಡ್ಡ ಪಾಲು ಹೇಳುವ ಅಭ್ಯಾಸಕ್ಕೇ ಮೀಸಲಾಗಿದೆ.

ಕರೆ ಬಂದ ದಿನ

ಮೊದಲು ಇಮೇಲನ್ನು ಕೊನೆಯ ಸಾಲಿನವರೆಗೆ ಓದಿ, ದಿನ, ಸಮಯ, ಸ್ಥಳ ಅಥವಾ ಆನ್‌ಲೈನ್ ಕೊಂಡಿ, ಹುದ್ದೆಯ ಹೆಸರು ಮತ್ತು ಸಂಪರ್ಕಿಸಬೇಕಾದವರ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದೇ ದಿನ ಮೂರು ಸಾಲಿನ ಉತ್ತರ ಕಳಿಸಿ: ಧನ್ಯವಾದ, ಇಂಥ ದಿನ ಇಂಥ ಹೊತ್ತಿಗೆ ಬರುತ್ತೇನೆ ಎಂಬ ಖಚಿತ ಮಾತು, ಮತ್ತು ನಿಮ್ಮ ಫೋನ್ ಸಂಖ್ಯೆ. ಎಷ್ಟು ಸುತ್ತುಗಳಿವೆ, ಬರವಣಿಗೆಯ ಪರೀಕ್ಷೆ ಇದೆಯೇ, ಲ್ಯಾಪ್‌ಟಾಪ್ ತರಬೇಕೇ ಎಂಬುದು ಇಮೇಲಿನಲ್ಲಿ ಇಲ್ಲದಿದ್ದರೆ ಅದನ್ನು ಈ ಉತ್ತರದಲ್ಲೇ ಕೇಳಬಹುದು. ಹೀಗೆ ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸೆಮಿಸ್ಟರ್ ಪರೀಕ್ಷೆ ಅದೇ ದಿನವಿದ್ದರೆ ಸಂಕೋಚಪಡದೆ ಕಾರಣ ತಿಳಿಸಿ, ನಿಮಗೆ ಅನುಕೂಲವಾಗುವ ಬೇರೆ ಎರಡು ದಿನಗಳನ್ನು ನೀವೇ ಸೂಚಿಸಿ.

ಕರೆ ನಿಜವೋ ಅಲ್ಲವೋ ಎಂದು ಪರಿಶೀಲಿಸುವುದು ಎರಡನೆಯ ಕೆಲಸ. ಸಂದರ್ಶನಕ್ಕೆ, ತರಬೇತಿಗೆ, ಯೂನಿಫಾರಂಗೆ, ಲ್ಯಾಪ್‌ಟಾಪ್‌ನ ಠೇವಣಿಗೆ ಎಂದು ಮೊದಲೇ ಹಣ ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆಯೇ ಹೊರತು ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ. ಕಳುಹಿಸಿದವರ ವಿಳಾಸ ಕಂಪನಿಯ ಸ್ವಂತ ಡೊಮೇನ್‌ನಿಂದ ಬಂದಿದೆಯೇ ನೋಡಿ, ಕಂಪನಿಯ ಜಾಲತಾಣದಲ್ಲಿ ಆ ಹುದ್ದೆಯ ಪ್ರಕಟಣೆ ಇದೆಯೇ ಹುಡುಕಿ, ಅನುಮಾನವಿದ್ದರೆ ಜಾಲತಾಣದಲ್ಲಿರುವ ಸಂಖ್ಯೆಗೇ ಕರೆ ಮಾಡಿ ಕೇಳಿ. ಹಣ ಕಳೆದುಕೊಂಡಿದ್ದರೆ ಒಂದು ಗಂಟೆಯೂ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ಅಪರಾಧದ ದೂರು ದಾಖಲಿಸಬೇಕು, ಏಕೆಂದರೆ ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮುಂಚೆ ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಸಮಯದಲ್ಲಿ ಮಾತ್ರ.

ಇಂಟರ್ನ್‌ಶಿಪ್ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯ ಎಂಜಿನಿಯರಿಂಗ್ ಪದವಿಯಲ್ಲಿ ಇಂಟರ್ನ್‌ಶಿಪ್ ಪಠ್ಯಕ್ರಮದ ಕಡ್ಡಾಯ ಭಾಗವಾಗಿರುವುದರಿಂದ, ಹಣ ಪಡೆದು ಪ್ರಮಾಣಪತ್ರ ಮುದ್ರಿಸಿ ಕೊಡುವವರೂ ಹುಟ್ಟಿಕೊಂಡಿದ್ದಾರೆ. ಅಂಥ ಪತ್ರದಿಂದ ಕಾಲೇಜಿನ ಕಡತ ತುಂಬಬಹುದು. ಆದರೆ ಮುಂದಿನ ವರ್ಷ ಕೆಲಸದ ಸಂದರ್ಶನದಲ್ಲಿ ‘ಆ ಆರು ವಾರ ನೀವು ದಿನವೂ ಏನು ಮಾಡುತ್ತಿದ್ದಿರಿ?’ ಎಂದು ಯಾರಾದರೂ ಕೇಳಿದಾಗ ಹೇಳಲು ಏನೂ ಇರುವುದಿಲ್ಲ. ಸ್ಟೈಪೆಂಡ್ ಕಡಿಮೆಯಿದ್ದರೂ ಕೈಗೆ ನಿಜವಾದ ಕೆಲಸ ಕೊಡುವ ಸಣ್ಣ ಕಂಪನಿಯನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಹುದ್ದೆಯ ವಿವರವನ್ನು ಬಿಡಿಸಿ ನೋಡುವುದು

ಕಂಪನಿ ಪ್ರಕಟಿಸಿದ ಹುದ್ದೆಯ ವಿವರವನ್ನು, ಅಂದರೆ ಎಲ್ಲರೂ ಜೆಡಿ ಎಂದು ಕರೆಯುವ ಆ ಒಂದು ಪುಟವನ್ನು, ಮುದ್ರಿಸಿಕೊಳ್ಳಿ ಅಥವಾ ಕೈಯಲ್ಲೇ ನಕಲು ಮಾಡಿಕೊಳ್ಳಿ. ಅದರಲ್ಲಿನ ಪ್ರತಿಯೊಂದು ಬೇಡಿಕೆಯ ಪಕ್ಕದಲ್ಲಿ ನೀವು ಆ ಕೆಲಸವನ್ನು ಎಲ್ಲಿ, ಯಾವಾಗ ಮಾಡಿದ್ದೀರಿ ಎಂದು ಎರಡು ಪದಗಳಲ್ಲಿ ಬರೆಯಿರಿ: ಒಂದು ಲ್ಯಾಬ್, ಒಂದು ಪ್ರಾಜೆಕ್ಟ್, ಒಂದು ರಜೆಯ ಕೆಲಸ, ಏನಾದರೂ ಸರಿ. ಏನೂ ಬರೆಯಲಾಗದ ಸಾಲುಗಳಿಗೆ ಸುತ್ತು ಹಾಕಿ. ಸುತ್ತು ಬಿದ್ದ ಸಾಲುಗಳು ಎರಡೋ ಮೂರೋ ಇದ್ದರೆ ಗಾಬರಿಯಾಗಬೇಕಿಲ್ಲ; ಅವುಗಳ ಮೂಲಭೂತ ಪರಿಕಲ್ಪನೆಯನ್ನಷ್ಟೇ ಓದಿಕೊಂಡು, ‘ಇದನ್ನು ನಾನು ಕೈಯಾರೆ ಮಾಡಿಲ್ಲ, ಇಷ್ಟು ಓದಿದ್ದೇನೆ’ ಎಂದು ಹೇಳಲು ಸಿದ್ಧರಾಗಿರಿ.

ಕಂಪನಿಯ ಬಗ್ಗೆ ತಿಳಿಯುವುದೆಂದರೆ ಅದು ಯಾವ ವರ್ಷ ಸ್ಥಾಪನೆಯಾಯಿತು ಎಂದು ಕಂಠಪಾಠ ಮಾಡುವುದಲ್ಲ. ಅದು ಏನನ್ನು ಮಾರುತ್ತದೆ, ಯಾರಿಗೆ ಮಾರುತ್ತದೆ, ನಿಮ್ಮನ್ನು ಕರೆದಿರುವ ವಿಭಾಗ ಅದರಲ್ಲಿ ಯಾವ ಪಾಲಿನ ಕೆಲಸ ಮಾಡುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ನಿಮ್ಮದೇ ಮಾತಿನಲ್ಲಿ ಉತ್ತರವಿದ್ದರೆ ಸಾಕು. ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಕೊಡಬೇಡಿ. ಆ ಸಮಯ ಮುಂದಿನ ಹಂತಕ್ಕೆ ಬೇಕು.

ರೆಸ್ಯೂಮ್‌ನ ಪ್ರತಿ ಸಾಲಿಗೂ ಉತ್ತರ

ಹೊಸಬರ ಸಂದರ್ಶನದಲ್ಲಿ ಪ್ರಶ್ನೆಗಳು ಹುಟ್ಟುವುದು ಹೆಚ್ಚಾಗಿ ರೆಸ್ಯೂಮ್‌ನಿಂದಲೇ. ಸಂದರ್ಶಕರ ಮುಂದೆ ನಿಮ್ಮ ಬಗ್ಗೆ ಇರುವುದು ಆ ಒಂದೇ ಹಾಳೆ; ಅವರ ಬೆರಳು ಯಾವ ಸಾಲಿನ ಮೇಲೆ ನಿಂತರೂ ಆ ಸಾಲಿನ ಬಗ್ಗೆ ಐದು ನಿಮಿಷ ಮಾತನಾಡಲು ನಿಮಗೆ ಸಾಧ್ಯವಾಗಬೇಕು. ಸಾಧ್ಯವಾಗದ ಸಾಲನ್ನು ಇವತ್ತೇ ಅಳಿಸಿಬಿಡಿ. ಸ್ನೇಹಿತನ ರೆಸ್ಯೂಮ್‌ನಿಂದ ನಕಲು ಮಾಡಿದ ‘ಜಾವಾ, ಪೈಥಾನ್, ಸಿ, ಸಿ ಪ್ಲಸ್ ಪ್ಲಸ್, ಮೆಷಿನ್ ಲರ್ನಿಂಗ್’ ಎಂಬ ಉದ್ದದ ಪಟ್ಟಿಗಿಂತ, ನಿಜವಾಗಿ ಬಳಸಿರುವ ಒಂದು ಭಾಷೆಯ ಹೆಸರು ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಬಿಸಿಎ ವಿದ್ಯಾರ್ಥಿನಿಯೊಬ್ಬಳು ‘ಕಾಲೇಜು ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ’ ಎಂಬ ಪ್ರಾಜೆಕ್ಟ್ ಮಾಡಿದ್ದಾಳೆಂದು ಇಟ್ಟುಕೊಳ್ಳಿ. ಅದರ ಬಗ್ಗೆ ಹೇಳಿ ಎಂದರೆ ಮೊದಲ ದಿನ ಬರುವ ಉತ್ತರ ಹೀಗಿರುತ್ತದೆ: ‘ನಾವು ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಬಳಸಿ ಮಾಡಿದೆವು, ಅದರಲ್ಲಿ ಲಾಗಿನ್ ಇದೆ, ಪುಸ್ತಕ ಹುಡುಕಬಹುದು, ಚೆನ್ನಾಗಿ ಕೆಲಸ ಮಾಡುತ್ತದೆ.’ ಇದರಿಂದ ಕೇಳುವವರಿಗೆ ಆ ಹುಡುಗಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ಪಾಲು ಯಾವುದು, ಎಲ್ಲಿ ಸಿಕ್ಕಿಹಾಕಿಕೊಂಡೆ, ಹೇಗೆ ಹೊರಬಂದೆ ಎಂದು ಒಂದೊಂದಾಗಿ ಕೇಳಿದರೆ ಉತ್ತರ ಬೇರೆಯದೇ ಆಗುತ್ತದೆ: ‘ಮೂವರು ಸೇರಿ ಮಾಡಿದ ಪ್ರಾಜೆಕ್ಟ್ ಇದು. ಪುಸ್ತಕ ಕೊಡುವ ಮತ್ತು ವಾಪಸು ಪಡೆಯುವ ಭಾಗವನ್ನು ನಾನು ಬರೆದೆ. ಮೊದಲ ಪರೀಕ್ಷೆಯಲ್ಲಿ ಒಂದೇ ಪ್ರತಿ ಇಬ್ಬರ ಹೆಸರಿಗೆ ದಾಖಲಾಗುತ್ತಿತ್ತು. ಪ್ರತಿ ಲಭ್ಯವಿದೆಯೇ ಎಂದು ನೋಡುವ ಹೆಜ್ಜೆಗೂ ಅದನ್ನು ಕೊಟ್ಟಿದೆ ಎಂದು ಬರೆಯುವ ಹೆಜ್ಜೆಗೂ ನಡುವೆ ಇನ್ನೊಬ್ಬರ ಕೋರಿಕೆ ನುಗ್ಗುತ್ತಿತ್ತು. ಎರಡು ಹೆಜ್ಜೆಗಳನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ, ಅಂದರೆ ನಡುವೆ ತುಂಡಾಗದ ಒಂದೇ ವ್ಯವಹಾರವಾಗಿ ತಂದು, ಆ ಪ್ರತಿಯ ದಾಖಲೆಯ ಸಾಲನ್ನು ಲಾಕ್ ಮಾಡಿದೆ. ಆಮೇಲೆ ಎರಡು ಬ್ರೌಸರ್‌ಗಳಿಂದ ಒಟ್ಟಿಗೆ ಕೋರಿಕೆ ಕಳಿಸಿ ನೋಡಿದೆ, ತೊಂದರೆ ಮತ್ತೆ ಬರಲಿಲ್ಲ.’ ಕೆಲಸ ಅದೇ, ವಿದ್ಯಾರ್ಥಿನಿಯೂ ಅವಳೇ. ಎರಡನೆಯ ಉತ್ತರದಲ್ಲಿ ಕಂಡುಬರುವುದು ತೊಂದರೆಯನ್ನು ಗುರುತಿಸಿ ಕಾರಣ ಹುಡುಕುವ ಬುದ್ಧಿ. ಸಂದರ್ಶಕರು ಹುಡುಕುತ್ತಿರುವುದು ಅದನ್ನೇ.

ಪ್ರತಿ ಪ್ರಾಜೆಕ್ಟ್‌ಗೂ, ಪ್ರತಿ ಇಂಟರ್ನ್‌ಶಿಪ್‌ಗೂ ಈ ನಾಲ್ಕನ್ನು ಬರೆದುಕೊಳ್ಳಿ: ಪರಿಸ್ಥಿತಿ ಏನಿತ್ತು, ನಿಮ್ಮ ಜವಾಬ್ದಾರಿ ಯಾವುದು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಮೂರನೆಯದಕ್ಕೆ ಹೆಚ್ಚು ಸಾಲುಗಳು ಬೇಕು. ಅಭ್ಯಾಸವಿಲ್ಲದವರು ಪರಿಸ್ಥಿತಿಯ ವರ್ಣನೆಯಲ್ಲೇ ಎರಡು ನಿಮಿಷ ಕಳೆದು, ತಾವು ಮಾಡಿದ್ದನ್ನು ಅರ್ಧ ವಾಕ್ಯದಲ್ಲಿ ಮುಗಿಸುತ್ತಾರೆ.

ಇಲ್ಲಿ ನಮ್ಮ ನುಡಿಯ ಒಂದು ಸಂಸ್ಕಾರವೂ ಅಡ್ಡ ಬರುತ್ತದೆ. ‘ನಾನು ಮಾಡಿದೆ’ ಎನ್ನುವುದು ಅಹಂಕಾರದಂತೆ ಕೇಳುತ್ತದೆಂದು ಚಿಕ್ಕಂದಿನಿಂದ ಕಲಿತವರು, ಒಬ್ಬರೇ ಕುಳಿತು ರಾತ್ರಿಯಿಡೀ ಮಾಡಿದ ಕೆಲಸವನ್ನೂ ‘ನಾವು ಮಾಡಿದೆವು’ ಎನ್ನುತ್ತಾರೆ. ಮನೆಯಲ್ಲಿ, ಊರಿನಲ್ಲಿ ಆ ವಿನಯಕ್ಕೆ ಬೆಲೆಯಿದೆ, ಅದನ್ನು ಬಿಡಬೇಕಾಗಿಯೂ ಇಲ್ಲ. ಸಂದರ್ಶನದ ಮೇಜಿನ ಆಚೆ ಕುಳಿತವರಿಗೆ ಮಾತ್ರ ಆ ‘ನಾವು’ ಎಂಬುದರೊಳಗೆ ನೀವೆಷ್ಟು ಎಂದು ತಿಳಿಯುವ ದಾರಿಯಿಲ್ಲ. ತಂಡದ್ದನ್ನು ತಂಡದ್ದೆಂದೂ ನಿಮ್ಮದನ್ನು ನಿಮ್ಮದೆಂದೂ ಬೇರ್ಪಡಿಸಿ ಹೇಳಿದರೆ ಅದು ಜಂಬವಾಗುವುದಿಲ್ಲ. ಗೆಳೆಯರು ಮಾಡಿದ್ದನ್ನು ಅವರದೆಂದೇ ಹೇಳುವುದೂ ಇದರಲ್ಲಿ ಸೇರಿದೆ.

ಹೇಳಿಕೊಳ್ಳಲು ದೊಡ್ಡ ಪ್ರಾಜೆಕ್ಟ್ ಇಲ್ಲ ಎಂದು ಕೊರಗುವವರಿಗೆ ಒಂದು ಮಾತು. ಬಿ.ಕಾಂ. ಓದುತ್ತಾ ಸೋದರಮಾವನ ದಿನಸಿ ಅಂಗಡಿಯಲ್ಲಿ ಸಂಜೆಯ ಹೊತ್ತು ಉದ್ರಿ ಪುಸ್ತಕ ಬರೆಯುತ್ತಿದ್ದವರು ಸಾಲಗಾರರ ಖಾತೆಯನ್ನು ನಿಜವಾಗಿ ನಿರ್ವಹಿಸಿದ್ದಾರೆ. ಯಾರ ಬಾಕಿ ಎಷ್ಟು ತಿಂಗಳಿನದು, ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಿದ್ದಾಗ ಎಲ್ಲಿ ಹುಡುಕುತ್ತಿದ್ದಿರಿ, ವಸೂಲಿಗೆ ಹೇಗೆ ಮಾತನಾಡುತ್ತಿದ್ದಿರಿ ಎಂಬುದೆಲ್ಲ ಲೆಕ್ಕಪತ್ರ ವಿಭಾಗದ ಸಂದರ್ಶನದಲ್ಲಿ ತೂಕವುಳ್ಳ ಉತ್ತರಗಳೇ. ಎನ್‌ಎಸ್‌ಎಸ್ ಶಿಬಿರದಲ್ಲಿ ನೂರು ಜನರ ಊಟದ ವ್ಯವಸ್ಥೆ ನೋಡಿಕೊಂಡಿದ್ದರೆ ಅದನ್ನೂ ಸಂಖ್ಯೆಗಳೊಂದಿಗೆ ಬರೆದುಕೊಳ್ಳಿ.

ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ

ಜಿಲ್ಲೆಗಳಿಂದ ಬಂದ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ನನ್ನೊಂದಿಗೆ ಹೆಚ್ಚಾಗಿ ಹೇಳಿಕೊಳ್ಳುವ ಭಯ ಇಂಗ್ಲಿಷಿನದು. ಅವರಲ್ಲಿ ಅನೇಕರು ಅಂತರ್ಜಾಲದಲ್ಲಿ ಸಿಗುವ ಸಿದ್ಧ ಉತ್ತರಗಳನ್ನು ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡುತ್ತಾರೆ, ಮತ್ತು ಪ್ರಶ್ನೆ ಸ್ವಲ್ಪ ಬದಲಾದರೂ ದಾರಿ ತಪ್ಪುತ್ತಾರೆ. ಅದಕ್ಕೆ ಬದಲಾಗಿ ನಾನು ಸೂಚಿಸುವ ಕ್ರಮ ಹೀಗಿದೆ.

ಮೊದಲ ಎರಡು ದಿನ ನಿಮ್ಮ ಪ್ರಾಜೆಕ್ಟನ್ನು ಶುದ್ಧ ಮನೆಮಾತಿನಲ್ಲಿ, ಆ ವಿಷಯ ತಿಳಿಯದ ಯಾರಿಗಾದರೂ ಹೇಳಿ. ಅಮ್ಮನಿಗೆ ಫೋನಿನಲ್ಲಿ ಹೇಳಬಹುದು, ಅಜ್ಜನಿಗೆ ಹೇಳಬಹುದು, ಪಿಜಿಯ ರೂಮ್‌ಮೇಟ್‌ಗೆ ಹೇಳಬಹುದು. ಅವರು ನಡುವೆ ತಡೆದು ‘ಅದು ಯಾಕೆ ಹಾಗೆ?’ ಎಂದು ಕೇಳಿದ ಜಾಗವೇ ನಿಮಗೂ ಸರಿಯಾಗಿ ಅರ್ಥವಾಗದ ಜಾಗವಾಗಿರುವ ಸಾಧ್ಯತೆ ಹೆಚ್ಚು. ಅಲ್ಲಿ ಪುಸ್ತಕ ತೆರೆಯಿರಿ. ಮನೆಮಾತಿನಲ್ಲಿ ಹೇಳಲಾಗದ ವಿಷಯವನ್ನು ಇಂಗ್ಲಿಷಿನ ಪದಗಳಿಂದ ಮುಚ್ಚಿಡಬಹುದು, ಆದರೆ ಎರಡನೆಯ ಪ್ರಶ್ನೆಗೆ ಆ ಮುಚ್ಚಳ ಕಳಚುತ್ತದೆ.

ಮೂರನೆಯ ದಿನದಿಂದ ಅದೇ ವಿವರಣೆಯನ್ನು ಸರಳ ಇಂಗ್ಲಿಷಿನಲ್ಲಿ ಹೇಳಿ. ಅನುವಾದ ಮಾಡಲು ಹೋಗಬೇಡಿ. ವಿಷಯದ ಕ್ರಮ ಮನಸ್ಸಿನಲ್ಲಿ ಗಟ್ಟಿಯಾಗಿರುವುದರಿಂದ, ಗೊತ್ತಿರುವ ಸಣ್ಣ ವಾಕ್ಯಗಳೇ ಅದನ್ನು ಹೊತ್ತುಕೊಂಡು ಹೋಗುತ್ತವೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕೇಳಿ, ಪುನಃ ಹೇಳಿ. ಮೊದಲ ಸಲ ಸ್ವಂತ ದನಿ ಕೇಳುವುದು ಕಷ್ಟ, ಆದರೂ ಕೇಳಿ. ಮೂರು ಸಂಗತಿಗಳನ್ನಷ್ಟೇ ಗಮನಿಸಿ: ವಾಕ್ಯಗಳು ಮುಗಿಯುತ್ತಿವೆಯೇ, ವೇಗ ಓಟದಂತಿದೆಯೇ, ಒಂದೇ ಪದ ಹತ್ತು ಸಲ ಬರುತ್ತಿದೆಯೇ. ಉಚ್ಚಾರಣೆಯಲ್ಲಿ ಊರಿನ ಸೊಗಡು ಇದ್ದರೆ ಇರಲಿ. ಅದನ್ನು ತಿದ್ದಲು ಹೋಗಿ ಇಲ್ಲದ ಧಾಟಿಯನ್ನು ತಂದುಕೊಂಡವರ ಮಾತು ಅರ್ಥವಾಗುವುದು ಇನ್ನೂ ಕಷ್ಟ.

ನಿಮ್ಮ ಬಗ್ಗೆ ಹೇಳಿ ಎಂಬ ಪ್ರಶ್ನೆಯನ್ನು ಇದೇ ರೀತಿ ಅಭ್ಯಾಸ ಮಾಡಿ. ನಮ್ಮಲ್ಲಿ ಅದು ಬಯೋಡೇಟಾ ಆಗಿಬಿಡುತ್ತದೆ: ಹೆಸರು, ತಂದೆಯ ಹೆಸರು, ಅವರ ಉದ್ಯೋಗ, ಊರು, ತಾಲ್ಲೂಕು, ಹತ್ತನೆಯ ತರಗತಿಯ ಅಂಕ, ಹವ್ಯಾಸ ಪುಸ್ತಕ ಓದುವುದು. ಇವು ಹಾಳೆಯಲ್ಲಿ ಇರುತ್ತವೆ ಅಥವಾ ಬೇಕಾಗಿರುವುದಿಲ್ಲ. ಒಂದೂವರೆ ನಿಮಿಷದೊಳಗೆ ಈಗ ಏನು ಓದುತ್ತಿದ್ದೀರಿ, ಈವರೆಗೆ ಮಾಡಿದ ಕೆಲಸಗಳಲ್ಲಿ ನಿಮಗೆ ಹೆಚ್ಚು ಕಲಿಸಿದ್ದು ಯಾವುದು, ಈ ಹುದ್ದೆಗೂ ಅದಕ್ಕೂ ಇರುವ ಸಂಬಂಧವೇನು ಎಂದು ಹೇಳಿ ನಿಲ್ಲಿಸಿ. ನಡುವಿನ ಭಾಗವನ್ನು ಅವರು ಹಿಡಿದುಕೊಂಡು ಮುಂದಿನ ಪ್ರಶ್ನೆ ಕೇಳುತ್ತಾರೆ, ಮತ್ತು ಅದು ನೀವು ಈಗಾಗಲೇ ಸಿದ್ಧಪಡಿಸಿದ ನೆಲವೇ ಆಗಿರುತ್ತದೆ.

ವಿಷಯದ ತಯಾರಿ

ಪ್ರತಿ ಕ್ಷೇತ್ರಕ್ಕೂ ಇದು ಬೇರೆಯಾದ್ದರಿಂದ ಮೂರು ಕ್ಷೇತ್ರಗಳ ಬಗ್ಗೆ ಮಾತ್ರ ಹೇಳುತ್ತೇನೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಡಿಪ್ಲೊಮಾ ಅಥವಾ ಐಟಿಐ ಮುಗಿಸಿ ಹೋಗುವವರ ಕೈಗೆ ನೇರವಾಗಿ ವರ್ನಿಯರ್ ಕ್ಯಾಲಿಪರ್ ಮತ್ತು ಒಂದು ಬಿಡಿಭಾಗವನ್ನು ಕೊಟ್ಟು ಅಳೆಯಲು ಹೇಳುವುದುಂಟು. ಸಾಮಾನ್ಯ ವರ್ನಿಯರ್‌ನ ಕನಿಷ್ಠ ಅಳತೆ (ಅದು ಅಳೆಯಬಲ್ಲ ಅತಿ ಸಣ್ಣ ಅಂತರ) 0.02 ಮಿ.ಮೀ., ಮೈಕ್ರೋಮೀಟರ್‌ನದು 0.01 ಮಿ.ಮೀ. ಎಂದು ಬಾಯಲ್ಲಿ ಹೇಳುವುದಷ್ಟೇ ಸಾಲದು. ಅಳೆಯುವ ಮುಂಚೆ ಶೂನ್ಯ ದೋಷವನ್ನು, ಅಂದರೆ ಉಪಕರಣವನ್ನು ಮುಚ್ಚಿದಾಗ ಅದು ಸೊನ್ನೆ ತೋರಿಸುತ್ತದೆಯೇ ಎಂದು, ಪರಿಶೀಲಿಸುವ ಅಭ್ಯಾಸ ಕೈಯಲ್ಲಿ ಇರಬೇಕು. ಕಾಲೇಜಿನ ವರ್ಕ್‌ಶಾಪ್‌ನವರನ್ನು ಕೇಳಿಕೊಂಡು ಒಂದು ಮಧ್ಯಾಹ್ನ ಅಳತೆ ಮತ್ತು ಡ್ರಾಯಿಂಗ್ ಓದುವುದನ್ನು ಮತ್ತೆ ಮಾಡಿ.

ಲೆಕ್ಕಪತ್ರದ ಹುದ್ದೆಗೆ ಜಿಎಸ್‌ಟಿಯ ಅಡಿಪಾಯ ಗಟ್ಟಿಯಿರಲಿ. ರಾಜ್ಯದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ (ಕೇಂದ್ರದ ತೆರಿಗೆ) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ತೆರಿಗೆ), ಅಂತರರಾಜ್ಯ ಮಾರಾಟಕ್ಕೆ ಐಜಿಎಸ್‌ಟಿ ಎಂಬುದು ಎಲ್ಲರಿಗೂ ಗೊತ್ತು. ಹೊಸೂರಿನ ಗ್ರಾಹಕರಿಗೆ ಬೊಮ್ಮಸಂದ್ರದಿಂದ ಸರಕು ಕಳಿಸಿದರೆ ಯಾವುದು ಅನ್ವಯಿಸುತ್ತದೆ ಎಂದು ಕೇಳಿದಾಗ, ಹತ್ತಿರದ ಊರಾದರೂ ಅದು ತಮಿಳುನಾಡಿನಲ್ಲಿದೆ, ಹಾಗಾಗಿ ಐಜಿಎಸ್‌ಟಿ ಎಂದು ತಡವರಿಸದೆ ಹೇಳಬೇಕು. ಜಿಎಸ್‌ಟಿಆರ್-1 (ಮಾರಾಟದ ವಿವರಪಟ್ಟಿ) ಮತ್ತು ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ಸಾರಾಂಶ ಪಟ್ಟಿ) ನಡುವಿನ ವ್ಯತ್ಯಾಸ, ಟ್ಯಾಲಿಯಲ್ಲಿ ವೋಚರ್ ವಿಧಗಳು, ಬ್ಯಾಂಕ್ ಖಾತೆಯ ಹೊಂದಾಣಿಕೆ, ಇವನ್ನು ಪರದೆಯ ಮುಂದೆ ಕುಳಿತು ಒಮ್ಮೆ ಮಾಡಿ ನೋಡಿ.

ತಂತ್ರಾಂಶದ ಕಡೆಯವರು ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತಾ ಬಿಳಿ ಹಾಳೆಯ ಮೇಲೆ ಕೋಡ್ ಬರೆಯುವ ಅಭ್ಯಾಸ ಮಾಡಬೇಕು. ಬೈನರಿ ಸರ್ಚ್ ವೇಗವಾದದ್ದು ಎನ್ನುವುದಕ್ಕಿಂತ, ವಿಂಗಡಿಸಿದ ಹತ್ತು ಲಕ್ಷ ದಾಖಲೆಗಳಲ್ಲಿ ಒಂದನ್ನು ಹುಡುಕಲು ಹೆಚ್ಚೆಂದರೆ 20 ಹೋಲಿಕೆಗಳು ಸಾಕು, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ಅರ್ಧ ಪಾಲು ಹೊರಗೆ ಹೋಗುತ್ತದೆ ಎಂದು ಹೇಳಿದರೆ ಅರ್ಥವಾಗಿದೆ ಎಂದು ಕೇಳುವವರಿಗೆ ಮನವರಿಕೆಯಾಗುತ್ತದೆ.

ಸಂಬಳದ ಲೆಕ್ಕ

ಎಚ್‌ಆರ್ ಸುತ್ತಿನಲ್ಲಿ ನಿರೀಕ್ಷೆ ಎಷ್ಟು ಎಂದು ಕೇಳಿದಾಗ ತಬ್ಬಿಬ್ಬಾಗದಿರಲು ಸಿಟಿಸಿ ಎಂದರೇನು ಎಂಬುದು ತಿಳಿದಿರಬೇಕು. ಅದು ಕಂಪನಿಗೆ ನಿಮ್ಮಿಂದಾಗುವ ಒಟ್ಟು ವಾರ್ಷಿಕ ವೆಚ್ಚ, ನಿಮ್ಮ ಕೈಗೆ ಬರುವ ಹಣವಲ್ಲ. ಸಿಟಿಸಿ 4,20,000 ರೂಪಾಯಿ ಎಂದುಕೊಳ್ಳೋಣ. ತಿಂಗಳಿಗೆ 35,000 ಆಯಿತು. ಅದರಲ್ಲಿ ಮೂಲ ವೇತನ ಅರ್ಧ, ಅಂದರೆ 17,500 ಎಂದಿಟ್ಟುಕೊಂಡರೆ, ಕಂಪನಿ ಕಟ್ಟುವ ಶೇ 12ರ ಭವಿಷ್ಯನಿಧಿ 2,100, ಗ್ರಾಚ್ಯುಟಿಗೆಂದು (ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಸಿಗುವ ಮೊತ್ತ) ತೋರಿಸುವ ಶೇ 4.81 ಸುಮಾರು 842. ಇವೆರಡನ್ನು ಕಳೆದರೆ 32,058 ಉಳಿಯುತ್ತದೆ. ಅದರಲ್ಲಿ ನಿಮ್ಮ ಪಾಲಿನ ಭವಿಷ್ಯನಿಧಿ 2,100 ಮತ್ತು ವೃತ್ತಿ ತೆರಿಗೆ 200 ಹೋಗಿ ಕೈಗೆ ಬರುವುದು 29,758. ಕಾರ್ಯಕ್ಷಮತೆಗೆ ತಕ್ಕಂತೆ ಕೊಡುವ ಮೊತ್ತ ಅಥವಾ ವಿಮೆಯ ಕಂತು ಸಿಟಿಸಿಯೊಳಗೆ ಸೇರಿದ್ದರೆ ಇನ್ನೂ ಕಡಿಮೆಯಾಗುತ್ತದೆ. ಬಾಡಿಗೆ ಅಥವಾ ಪಿಜಿ, ಊಟ, ಓಡಾಟ, ಮನೆಗೆ ಕಳಿಸಬೇಕಾದ ಹಣ, ಇಷ್ಟನ್ನು ಕೂಡಿಸಿ ನಿಮಗೆ ತಿಂಗಳಿಗೆ ಕನಿಷ್ಠ ಎಷ್ಟು ಬೇಕೆಂದು ಮೊದಲೇ ಲೆಕ್ಕ ಹಾಕಿ, ಆ ಹುದ್ದೆಗೆ ಸೀನಿಯರ್‌ಗಳಿಗೆ ಎಷ್ಟು ಸಿಕ್ಕಿದೆಯೆಂದು ವಿಚಾರಿಸಿ, ಒಂದು ವ್ಯಾಪ್ತಿಯನ್ನು ಹೇಳಿ. ಸಂಬಳದ ಮಾತನ್ನು ಮೊದಲ ಸುತ್ತಿನಲ್ಲಿ ನೀವಾಗಿಯೇ ಎತ್ತುವುದು ಬೇಡ. ಇಂಟರ್ನ್‌ಶಿಪ್ ಆದರೆ ಸ್ಟೈಪೆಂಡ್ ಇದೆಯೇ, ಎಷ್ಟು ವಾರ, ಮಾರ್ಗದರ್ಶಕರು ಯಾರು ಎಂಬುದನ್ನು ಕೊನೆಯಲ್ಲಿ ಕೇಳಲೇಬೇಕು.

ದಾರಿ, ಗೇಟು, ಕಾಗದಪತ್ರ

ಬೆಂಗಳೂರಿನಲ್ಲಿ ಹತ್ತು ಗಂಟೆಯ ಸಂದರ್ಶನಕ್ಕೆ ತಲುಪುವುದು ಸ್ವತಃ ಒಂದು ಸಿದ್ಧತೆ. ಒಂದೇ ಕಂಪನಿಗೆ ನಗರದ ಮೂರು ನಾಲ್ಕು ಕಡೆ ಕಚೇರಿಗಳಿರುತ್ತವೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದನೇ ಹಂತ, ಎರಡನೇ ಹಂತ ಎಂಬ ವಿಭಾಗವಿದೆ, ಟೆಕ್ ಪಾರ್ಕ್‌ಗಳಿಗೆ ಹಲವು ಗೇಟುಗಳಿವೆ. ಆದ್ದರಿಂದ ಕಟ್ಟಡದ ಹೆಸರು, ಮಹಡಿ ಮತ್ತು ಗೇಟಿನ ಸಂಖ್ಯೆಯನ್ನು ಹಿಂದಿನ ದಿನವೇ ಕೇಳಿ ಖಚಿತಪಡಿಸಿಕೊಳ್ಳಿ. ವೈಟ್‌ಫೀಲ್ಡ್ ಕಡೆಗೆ ಚಲ್ಲಘಟ್ಟದಿಂದ ಕಾಡುಗೋಡಿಯವರೆಗಿನ ನೇರಳೆ ಮಾರ್ಗದ ಮೆಟ್ರೊ ಇದೆ, ಐಟಿಪಿಎಲ್‌ಗೆ ಹೋಗುವವರು ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬೇಕು. ಪೀಣ್ಯಕ್ಕೆ ಹಸಿರು ಮಾರ್ಗ. ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವನ್ನು ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಿಡಿಯಬೇಕು. ಮೆಜೆಸ್ಟಿಕ್‌ನಿಂದ ಬರುವವರು ಹಸಿರು ಮಾರ್ಗದಲ್ಲಿ ಅಲ್ಲಿಯವರೆಗೆ ಬಂದು ಬದಲಾಯಿಸಿಕೊಳ್ಳಬೇಕು. ನಾಗವಾರದ ಮಾನ್ಯತಾ ಟೆಕ್ ಪಾರ್ಕ್, ಬೆಳ್ಳಂದೂರು ಮತ್ತು ಮಾರತಹಳ್ಳಿಯ ಕಡೆಗೆ ಬಸ್ಸು ಅಥವಾ ಆಟೊವನ್ನು ನಂಬುವವರು ಬೆಳಗಿನ ದಟ್ಟಣೆಗೆ ಒಂದು ಗಂಟೆಯನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಸಾಧ್ಯವಾದರೆ ಹಿಂದಿನ ದಿನ ಅದೇ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಇಳಿದು ನೇರವಾಗಿ ಸಂದರ್ಶನಕ್ಕೆ ಹೋಗುವ ಯೋಜನೆಯನ್ನು ಕೈಬಿಡಿ. ಬಸ್ಸು ಎರಡು ಗಂಟೆ ತಡವಾಗುವುದು ಅಪರೂಪವಲ್ಲ, ನಿದ್ದೆಯಿಲ್ಲದ ತಲೆಗೆ ಗೊತ್ತಿದ್ದ ಉತ್ತರವೂ ಹೊಳೆಯುವುದಿಲ್ಲ. ಒಂದು ದಿನ ಮುಂಚೆ ಬಂದು ಬಂಧುಗಳ ಮನೆಯಲ್ಲೋ ಗೆಳೆಯರ ಪಿಜಿಯಲ್ಲೋ ಉಳಿಯಿರಿ.

ಗೇಟಿನಲ್ಲಿ ಮೂಲ ಗುರುತಿನ ಚೀಟಿ ತೋರಿಸಿ, ಹೆಸರು ಬರೆಸಿ, ಲ್ಯಾಪ್‌ಟಾಪ್ ಇದ್ದರೆ ಅದರ ಸರಣಿ ಸಂಖ್ಯೆ ದಾಖಲಿಸಿ, ಪಾಸ್ ಪಡೆಯುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆಯಬಹುದು. ಶಕ್ತಿ ಯೋಜನೆಯಡಿ ಬಸ್ಸಿನಲ್ಲಿ ಬರುವ ಮಹಿಳೆಯರಿಗೆ ಆ ಚೀಟಿ ದಾರಿಯಲ್ಲೂ ಬೇಕು. ರೆಸ್ಯೂಮ್‌ನ ಮೂರು ಪ್ರತಿ, ಅಂಕಪಟ್ಟಿಗಳ ನಕಲು, ಎರಡು ಭಾವಚಿತ್ರ ಮತ್ತು ಪೆನ್ನು ಒಂದು ಫೈಲಿನಲ್ಲಿರಲಿ, ಫೈಲು ಪ್ಲಾಸ್ಟಿಕ್ ಚೀಲದಲ್ಲಿರಲಿ, ಏಕೆಂದರೆ ಈ ಊರಿನ ಸಂಜೆಯ ಮಳೆ ಹೇಳಿ ಬರುವುದಿಲ್ಲ. ಬಟ್ಟೆ ಹೊಸದಾಗಿರಬೇಕಿಲ್ಲ, ಒಗೆದು ಇಸ್ತ್ರಿ ಮಾಡಿದ, ಕುಳಿತಾಗ ಬಿಗಿಯಾಗದ ಉಡುಪು ಸಾಕು.

ಆನ್‌ಲೈನ್ ಸಂದರ್ಶನವಾದರೆ ಹಿಂದಿನ ಸಂಜೆ ಅದೇ ಕೋಣೆ, ಅದೇ ಕುರ್ಚಿ, ಅದೇ ಇಯರ್‌ಫೋನ್ ಬಳಸಿ ಗೆಳೆಯರೊಬ್ಬರಿಗೆ ವಿಡಿಯೊ ಕರೆ ಮಾಡಿ ನೋಡಿ. ಬೆಳಕು ಮುಖದ ಎದುರಿನಿಂದ ಬೀಳಬೇಕು. ಕರೆಂಟ್ ಹೋದರೆ ನೆರವಾಗಲು ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಪಕ್ಕದಲ್ಲಿ ಚಾಟ್‌ಬಾಟ್ ತೆರೆದಿಟ್ಟು ಅದರ ಉತ್ತರವನ್ನು ಓದುವ ಯೋಚನೆಯನ್ನು ಖಂಡಿತ ಮಾಡಬೇಡಿ. ಕಣ್ಣಿನ ಚಲನೆ ಮತ್ತು ದನಿಯ ಏರಿಳಿತದಿಂದ ಅದು ತಿಳಿದುಬಿಡುತ್ತದೆ. ತಿಳಿಯದೆ ಹೋಗಿ ಕೆಲಸ ಸಿಕ್ಕಿದರೂ ಮೊದಲ ತಿಂಗಳು ಆ ಕೆಲಸವನ್ನು ಮಾಡಬೇಕಾದವರು ನೀವೇ.

ಕೋಣೆಯೊಳಗೆ

ಪ್ರಶ್ನೆ ಮುಗಿಯುವವರೆಗೆ ಕೇಳಿ. ಅರ್ಥವಾಗದಿದ್ದರೆ ದಯವಿಟ್ಟು ಇನ್ನೊಮ್ಮೆ ಹೇಳುವಿರಾ ಎಂದು ಕೇಳಿ. ಯೋಚಿಸಲು ಅರ್ಧ ನಿಮಿಷ ಬೇಕೆಂದು ಹೇಳಿ ಸುಮ್ಮನೆ ಕೂರುವುದರಲ್ಲಿ ತಪ್ಪಿಲ್ಲ. ಉತ್ತರ ಗೊತ್ತಿಲ್ಲದಿದ್ದಾಗ ಹಾಗೆಂದು ನೇರವಾಗಿ ಹೇಳಿ, ‘ಆದರೆ ಇದಕ್ಕೆ ಹತ್ತಿರದ ಇಂಥದ್ದು ಗೊತ್ತಿದೆ, ಅದರ ಆಧಾರದಿಂದ ಹೀಗಿರಬಹುದು’ ಎಂದು ಪ್ರಯತ್ನಿಸಿದರೆ ಒಳ್ಳೆಯದು. ಊಹೆಯನ್ನು ಊಹೆಯೆಂದು ಒಪ್ಪಿಕೊಂಡು ಹೇಳುವವರನ್ನು ಸಂದರ್ಶಕರು ನಂಬುತ್ತಾರೆ. ಐಟಿ ಕಂಪನಿಗಳಲ್ಲಿ ಹಿರಿಯರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿದೆ, ಕಾರ್ಖಾನೆ ಮತ್ತು ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಸರ್, ಮೇಡಂ ಎನ್ನುತ್ತಾರೆ; ಅವರು ಬೇರೆ ಹೇಳುವವರೆಗೆ ಸರ್, ಮೇಡಂ ಎಂದೇ ಕರೆಯಿರಿ. ಅವರಾಗಿ ಕನ್ನಡದಲ್ಲಿ ಮಾತು ತೆಗೆದರೆ ನೀವೂ ನಿರಾಳವಾಗಿ ಕನ್ನಡದಲ್ಲೇ ಉತ್ತರಿಸಿ.

ಏನಾದರೂ ಕೇಳುವುದಿದೆಯೇ ಎಂದಾಗ ಇಲ್ಲ ಎನ್ನಬೇಡಿ. ಈ ಹುದ್ದೆಗೆ ಬಂದವರು ಮೊದಲ ಮೂರು ತಿಂಗಳು ಯಾವ ಕೆಲಸ ಮಾಡುತ್ತಾರೆ, ಕಲಿಸುವವರು ಯಾರು, ಫಲಿತಾಂಶ ಯಾವಾಗ ತಿಳಿಯುತ್ತದೆ ಎಂಬವು ಕೇಳಬೇಕಾದ ಪ್ರಶ್ನೆಗಳೇ.

ಅದೇ ಸಂಜೆ, ಮತ್ತು ಆಮೇಲೆ

ಮನೆಗೆ ಬರುವ ದಾರಿಯಲ್ಲೇ, ಮೆಟ್ರೊದಲ್ಲಿ ಕುಳಿತೋ ನಿಂತೋ, ಕೇಳಿದ ಎಲ್ಲ ಪ್ರಶ್ನೆಗಳನ್ನು ನೆನಪಾದಷ್ಟು ಬರೆದುಕೊಳ್ಳಿ. ರಾತ್ರಿ ಕಳೆದರೆ ಅರ್ಧ ಮರೆತುಹೋಗುತ್ತದೆ. ಎಲ್ಲಿ ತಡವರಿಸಿದಿರೋ ಅದಕ್ಕೆ ಸರಿಯಾದ ಉತ್ತರವನ್ನು ಹುಡುಕಿ ಅದೇ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಕಂಪನಿಯ ಸಂದರ್ಶನದಲ್ಲಿ ಅವುಗಳಲ್ಲಿ ಕೆಲವಾದರೂ ಮತ್ತೆ ಬರುತ್ತವೆ. ಮರುದಿನ ಎರಡು ಸಾಲಿನ ಧನ್ಯವಾದದ ಇಮೇಲ್ ಕಳಿಸಿ. ಹೇಳಿದ ದಿನ ಕಳೆದು ಒಂದು ವಾರವಾದರೂ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಬೇರೆ ಕರೆಗಳ ಕಡೆ ಗಮನ ಕೊಡಿ.

ಆಫರ್ ಲೆಟರ್ ಬಂದರೆ ಸಂಭ್ರಮದಲ್ಲಿ ಅಂದೇ ಸಹಿ ಹಾಕದೆ ಮನೆಯವರೊಂದಿಗೆ ಕುಳಿತು ಪೂರ್ತಿ ಓದಿ. ಕೆಲಸದ ಸ್ಥಳ, ಪ್ರೊಬೇಷನ್ ಅವಧಿ, ಕೆಲಸ ಬಿಡಲು ಎಷ್ಟು ದಿನಗಳ ನೋಟಿಸ್, ಎಷ್ಟು ವರ್ಷ ಬಿಡುವಂತಿಲ್ಲ ಎಂಬ ಬಾಂಡ್ ಇದೆಯೇ, ಮುರಿದರೆ ಎಷ್ಟು ಹಣ ಎಂಬುದನ್ನು ಗುರುತು ಹಾಕಿಕೊಂಡು, ಸಂದೇಹಗಳನ್ನು ಇಮೇಲಿನಲ್ಲೇ ಕೇಳಿ ಲಿಖಿತ ಉತ್ತರ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಪರಿಶೀಲನೆಗೆ ತೋರಿಸಿ, ನಕಲಿಗೆ ಸಹಿ ಮಾಡಿ ಕೊಟ್ಟು, ಮೂಲಪ್ರತಿಗಳನ್ನು ಅದೇ ದಿನ ಮನೆಗೆ ತನ್ನಿ.